ಆತ್ಮರಕ್ಷಣೆಗೆ ಯಾವ ಸಮರಕಲೆ? ಹೆಸರಿಗಿಂತ ಮೊದಲು ನೋಡಬೇಕಾದದ್ದು

ಆತ್ಮರಕ್ಷಣೆಯ ತರಗತಿಗಳಲ್ಲಿ ಮೊದಲ ದಿನವೇ ಹೇಳಿಕೊಡುವ ಪಾಠವೊಂದಿದೆ: ಯಾರಾದರೂ ಮಣಿಕಟ್ಟು ಹಿಡಿದರೆ ಬಿಡಿಸಿಕೊಳ್ಳುವುದು. ಹಿಡಿದವರ ಹೆಬ್ಬೆರಳ ತುದಿಯೂ ಉಳಿದ ಬೆರಳುಗಳ ತುದಿಯೂ ಸೇರುವ ಕಡೆ ಸಣ್ಣ ಸಂದಿ ಇರುತ್ತದೆ. ನಿಮ್ಮ ಮಣಿಕಟ್ಟಿನ ಕಿರಿದಾದ ಅಂಚನ್ನು ಆ ಸಂದಿಯ ಕಡೆ ತಿರುಗಿಸಿ, ಮೊಣಕೈ ಮಡಚುತ್ತ ಜೋರಾಗಿ ಎಳೆದರೆ ಕೈ ಹೊರಬರುತ್ತದೆ. ನಾಲ್ಕು ಬೆರಳುಗಳ ಬಲಕ್ಕಿಂತ ಒಂದು ಹೆಬ್ಬೆರಳಿನ ಬಲ ಕಡಿಮೆ, ಲೆಕ್ಕ ಅಷ್ಟೇ. ಹತ್ತು ಸಲ ಮಾಡಿದರೆ ಹತ್ತು ಸಲವೂ ಕೈ ಬಿಡುತ್ತದೆ. ಕಲಿತವರ ಮುಖದಲ್ಲಿ ನಗು.

ಈಗ ಅದೇ ಜೊತೆಗಾರನಿಗೆ ಎರಡು ಮಾತು ಹೇಳಿ ನೋಡಿ: "ಹಿಡಿದು ಸುಮ್ಮನೆ ನಿಲ್ಲಬೇಡ, ನಿನ್ನ ಕಡೆ ಜಗ್ಗು. ಇನ್ನೊಂದು ಕೈಯಲ್ಲಿ ನನ್ನ ಭುಜಕ್ಕೆ ತಟ್ಟುತ್ತಲೇ ಇರು." ಜಗ್ಗಿದ ಕೂಡಲೇ ಕಾಲು ಮುಗ್ಗರಿಸುತ್ತದೆ, ಕಣ್ಣು ತಟ್ಟುವ ಕೈಯ ಕಡೆ ಹೋಗುತ್ತದೆ, ಸಂದಿ ಎಲ್ಲಿತ್ತು ಎಂಬುದೇ ಮರೆತುಹೋಗುತ್ತದೆ. ಕಲಿತ ವಿದ್ಯೆ ಸುಳ್ಳಲ್ಲ. ಮಾಡಿದ ಅಭ್ಯಾಸ ಸುಳ್ಳು.

ಯಾವ ಕಲೆ ಕಲಿಯಲಿ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದು ಹೆಸರು: ಕರಾಟೆ, ಬಾಕ್ಸಿಂಗ್, ಕ್ರಾವ್ ಮಗಾ. ಹೆಸರು ಆಮೇಲಿನ ಮಾತು. ಎದುರಿನವರು ನಿಜವಾಗಿ ತಡೆಯುತ್ತ, ಜಗ್ಗುತ್ತ, ತಪ್ಪಿಸಿಕೊಳ್ಳುತ್ತ ಇರುವಾಗ ಆ ತರಗತಿಯಲ್ಲಿ ಎಷ್ಟು ಹೊತ್ತು ಅಭ್ಯಾಸ ನಡೆಯುತ್ತದೆ ಎಂಬುದು ಮೊದಲಿನ ಮಾತು.

## ಪಂದ್ಯ, ಜಗಳ, ಆತ್ಮರಕ್ಷಣೆ

ಪಂದ್ಯಕ್ಕೆ ಇಬ್ಬರೂ ಒಪ್ಪಿ ಬಂದಿರುತ್ತಾರೆ. ತೂಕ ಸರಿಸಮ, ನೆಲ ಮೆತ್ತಗೆ, ರೆಫರಿ ಪಕ್ಕದಲ್ಲೇ. ಜಗಳದಲ್ಲೂ ಒಂದು ಬಗೆಯ ಒಪ್ಪಿಗೆ ಇರುತ್ತದೆ. "ಏನೋ ಮಾಡ್ತೀಯ?" ಎಂಬುದಕ್ಕೆ "ಬಾರೋ ನೋಡೋಣ" ಎಂದಾಗಲೇ ಒಪ್ಪಂದ ಆಗಿಹೋಯಿತು. ಆತ್ಮರಕ್ಷಣೆಯಲ್ಲಿ ಹೊಡೆದಾಟ ಬೇಕಿರುವುದು ಒಬ್ಬನಿಗೆ ಮಾತ್ರ. ಇನ್ನೊಬ್ಬರಿಗೆ ಮನೆ ಸೇರಿದರೆ ಸಾಕು. ಎದುರಿನವನು ನೆಲಕ್ಕೆ ಬಿದ್ದನೋ ಇಲ್ಲವೋ ಇಲ್ಲಿ ಲೆಕ್ಕಕ್ಕಿಲ್ಲ. ನೀವು ಅಲ್ಲಿಂದ ಹೊರಬಿದ್ದಿರೋ ಇಲ್ಲವೋ, ಅಷ್ಟೇ.

ಹಲ್ಲೆಗಳೂ ಒಂದೇ ತರಹ ಇರುವುದಿಲ್ಲ. ಮಾತಿಗೆ ಮಾತು ಬೆಳೆದು, ಎದೆಗೆ ಎದೆ ತಾಗಿಸಿ, ಒಂದು ತಳ್ಳು, ಆಮೇಲೆ ಬಲಗೈ ಬೀಸಿ ಗುದ್ದುವುದು ಒಂದು ಬಗೆ. ಕಳ್ಳನಿಗೆ ಬೇಕಾದದ್ದು ನಿಮ್ಮ ಫೋನು, ಪರ್ಸು. ಅದನ್ನು ಅವನಿಂದ ದೂರಕ್ಕೆ ಎಸೆದು ಎದುರು ದಿಕ್ಕಿಗೆ ಓಡುವುದೇ ಅಲ್ಲಿ ಸರಿಯಾದ ವಿದ್ಯೆ. ಮೂರನೆಯದು ಪರಿಚಯದವರಿಂದಲೇ ಆಗುವ ಹಲ್ಲೆ. ಅಲ್ಲಿ ಗುದ್ದಿಗೆ ಮೊದಲು ನಯವಾದ ಮಾತು, ಒತ್ತಾಯ, ಬಾಗಿಲಿಗೆ ಅಡ್ಡ ನಿಲ್ಲುವುದು ಎಲ್ಲ ನಡೆದಿರುತ್ತದೆ. ಇಂಥ ಹಲ್ಲೆಗೆ ಗಟ್ಟಿ ಗುದ್ದು ಕಲಿತರೆ ಸಾಲದು. ಎಲ್ಲಿ "ಬೇಡ" ಎನ್ನಬೇಕು, ಎಲ್ಲಿ ಎದ್ದು ಹೊರಡಬೇಕು ಎಂಬುದೂ ಕಲಿಯಬೇಕಾದ ಕೌಶಲವೇ.

ದೇಹದ ಒಳಗೂ ಒಂದು ಬದಲಾವಣೆ ಆಗುತ್ತದೆ. ಭಯವಾದಾಗ ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ ಎದೆಬಡಿತ ಏರಿಸುತ್ತದೆ. ಉಸಿರು ಮೇಲುಮೇಲೆ ಆಡುತ್ತದೆ, ಕೈ ನಡುಗುತ್ತದೆ, ಕಣ್ಣಿಗೆ ಎದುರಿನದೊಂದೇ ಕಂಡು ಅಕ್ಕಪಕ್ಕದ್ದು ಕಾಣದಂತಾಗುತ್ತದೆ. ಸೂಜಿಗೆ ದಾರ ಪೋಣಿಸುವಂಥ ನಾಜೂಕು ಕೆಲಸ ಆ ಹೊತ್ತಿನಲ್ಲಿ ಆಗದು. ಬಾಗಿಲು ದೂಡುವಂಥ ಒರಟು ಕೆಲಸ ಆಗುತ್ತದೆ. ಎಂಟು ಹಂತಗಳ ಬೆರಳು ತಿರುಚುವ ಪಟ್ಟು ಪ್ರದರ್ಶನದಲ್ಲಿ ಚೆಂದ ಕಂಡು ಬೀದಿಯಲ್ಲಿ ಕೈಕೊಡುವುದು ಇದರಿಂದಲೇ. ನೇರವಾಗಿ ತಳ್ಳುವುದು, ತಲೆ ಮುಚ್ಚಿಕೊಳ್ಳುವುದು, ಬಿಗಿಯಾಗಿ ಅಪ್ಪಿ ಹಿಡಿಯುವುದು ಉಳಿದುಕೊಳ್ಳುತ್ತವೆ.

## ಎದುರೊತ್ತಡ ಇಲ್ಲದ ಅಭ್ಯಾಸ ಏಕೆ ಕೈಕೊಡುತ್ತದೆ

ಈಜುವ ಕೈಬೀಸನ್ನು ದಡದ ಮೇಲೆ ನಿಂತು ವರ್ಷಗಟ್ಟಲೆ ಮಾಡಿದರೂ ಈಜು ಬರುವುದಿಲ್ಲ. ನೀರು ಬೇಕು. ಸಮರಕಲೆಯಲ್ಲಿ ಆ ನೀರಿನ ಹೆಸರು ಸ್ಪಾರಿಂಗ್: ಇಬ್ಬರೂ ತಮಗೆ ತೋಚಿದ ಹೊತ್ತಿನಲ್ಲಿ, ತೋಚಿದ ಕಡೆಯಿಂದ, ಹೇಳದೆ ಕೇಳದೆ ಪ್ರಯತ್ನಿಸುವ ಅಭ್ಯಾಸ. ಕಾಟಾ ಎಂದರೆ ಒಬ್ಬರೇ ಗಾಳಿಯಲ್ಲಿ ಮಾಡುವ ನಿಗದಿತ ಚಲನೆಗಳ ಸರಣಿ. ಇವೆರಡರ ನಡುವೆ ಪ್ಯಾಡ್ ಅಭ್ಯಾಸವಿದೆ. ತರಬೇತುದಾರ ಹಿಡಿದ ದಿಂಬಿನಂಥ ಗುರಿಗೆ ಹೊಡೆಯುವುದು. ಕಾಟಾ ಮೈಗೆ ಆಕಾರ ಕೊಡುತ್ತದೆ, ಪ್ಯಾಡ್ ಬಲ ಕೊಡುತ್ತದೆ. ಹೊತ್ತು ನೋಡಿ ಹೊಡೆಯುವುದನ್ನು ಕಲಿಸುವುದು ಸ್ಪಾರಿಂಗ್ ಮಾತ್ರ.

ಇದನ್ನು ಸ್ಪಷ್ಟವಾಗಿ ಕಂಡುಕೊಂಡವರಲ್ಲಿ ಒಬ್ಬರು ಜಪಾನಿನ ಜಿಗೊರೊ ಕಾನೊ. 1882ರಲ್ಲಿ ಟೋಕಿಯೊದ ಒಂದು ದೇವಾಲಯದಲ್ಲಿ, ಬರೀ 12 ಚಾಪೆಗಳ ಜಾಗದಲ್ಲಿ ಕೊಡೊಕಾನ್ ಎಂಬ ಶಾಲೆ ತೆರೆದು ಜೂಡೋ ಕಲಿಸತೊಡಗಿದರು. ಜೂಡೋಗೆ ಮೂಲವಾದ ಹಳೆಯ ಜಪಾನಿ ಕಲೆ ಜುಜುತ್ಸುವಿನಲ್ಲಿ ಜೊತೆಗಾರನ ಕೈಕಾಲು ಮುರಿಯಬಹುದಾದ ಪಟ್ಟುಗಳನ್ನು ಮೆಲ್ಲಗೆ, ನಟನೆಯಂತೆ ಮಾತ್ರ ಅಭ್ಯಾಸ ಮಾಡಲು ಸಾಧ್ಯವಿತ್ತು. ಕಾನೊ ಅಂಥವನ್ನು ಬದಿಗಿಟ್ಟು, ಸುರಕ್ಷಿತವಾಗಿ ಎಸೆಯಬಹುದಾದ, ಅದುಮಬಹುದಾದ ಪಟ್ಟುಗಳನ್ನು ಉಳಿಸಿಕೊಂಡರು. ಅವನ್ನು ದಿನವೂ ಪೂರ್ತಿ ಬಲದಲ್ಲಿ ಆಡಬಹುದಿತ್ತು. ಈ ಮುಕ್ತ ಅಭ್ಯಾಸಕ್ಕೆ ಜೂಡೋದಲ್ಲಿ ರಂದೋರಿ ಎನ್ನುತ್ತಾರೆ.

ಮೇಲ್ನೋಟಕ್ಕೆ ಇದು ಉಲ್ಟಾ ಅನ್ನಿಸುತ್ತದೆ. ಅಪಾಯದ ಪಟ್ಟು ಬಿಟ್ಟರೆ ಕಲೆ ದುರ್ಬಲ ಆಗಬೇಕಲ್ಲವೇ? ಆಗುವುದಿಲ್ಲ. ಕಣ್ಣಿಗೆ ಬೆರಳು ಚುಚ್ಚುವುದನ್ನು ಯಾರೂ ನಿಜವಾಗಿ ಅಭ್ಯಾಸ ಮಾಡಲಾರರು. ಓಡಾಡುವ, ತಲೆ ಆಡಿಸುವ ಮನುಷ್ಯನ ಮುಖಕ್ಕೆ ಕೈ ತಲುಪಿಸುವುದನ್ನು ಬಾಕ್ಸರ್ ವಾರಕ್ಕೆ ನೂರಾರು ಸಲ ಮಾಡುತ್ತಾನೆ. ಕಣ್ಣಿಗೆ ಕೈ ತಲುಪಿಸಬೇಕಾದ ಸಂದರ್ಭ ಬಂದರೂ ಅದು ಸಾಧ್ಯವಾಗುವುದು ಅವನಿಗೇ. "ನಮ್ಮ ವಿದ್ಯೆ ಬಹಳ ಮಾರಕ, ಹಾಗಾಗಿ ಸ್ಪಾರಿಂಗ್ ಮಾಡುವುದಿಲ್ಲ" ಎನ್ನುವ ತರಗತಿಯ ತೊಡಕು ಇಲ್ಲಿದೆ.

## ಮೂರು ಅಂತರ, ಹಲವು ಕಲೆ

ಹೊಡೆದಾಟದಲ್ಲಿ ಮೂರು ಅಂತರಗಳಿವೆ. ಕೈಕಾಲು ಬೀಸಿದರೆ ತಲುಪುವಷ್ಟು ದೂರ ಮೊದಲನೆಯದು. ಒಬ್ಬರನ್ನೊಬ್ಬರು ನಿಂತಲ್ಲೇ ಹಿಡಿದುಕೊಂಡಿರುವುದು ಎರಡನೆಯದು, ಅದಕ್ಕೆ ಕ್ಲಿಂಚ್ ಎನ್ನುತ್ತಾರೆ. ನೆಲಕ್ಕೆ ಬಿದ್ದ ಸ್ಥಿತಿ ಮೂರನೆಯದು. ಪ್ರತಿಯೊಂದು ಕಲೆಯೂ ಒಂದೆರಡು ಅಂತರದಲ್ಲಿ ಪಳಗಿ ಉಳಿದದ್ದರಲ್ಲಿ ಹಸಿಯಾಗಿರುತ್ತದೆ. ಅದರ ಪಂದ್ಯದ ನಿಯಮಗಳನ್ನು ಓದಿದರೆ ಎಲ್ಲಿ ಹಸಿ ಎಂಬುದು ತಿಳಿಯುತ್ತದೆ. ನಿಯಮದಲ್ಲಿ ಯಾವುದು ನಿಷಿದ್ಧವೋ ಅದನ್ನು ತಡೆಯುವ ರೂಢಿ ಮೈಗೆ ಬಂದಿರುವುದಿಲ್ಲ.

ಬಾಕ್ಸಿಂಗ್ ಕಲಿಯಲು ಸರಳ, ಫಲ ಬೇಗ. ಆರೇಳು ಬಗೆಯ ಗುದ್ದು, ಕಾಲಿನ ನಡೆ, ತಲೆ ತಪ್ಪಿಸುವುದು. ಪಠ್ಯ ಇಷ್ಟೇ, ಆದರೆ ಇವನ್ನೇ ಸಾವಿರಾರು ಸಲ ಮಾಡಿಸುತ್ತಾರೆ. ಇದು ಕೊಡುವ ದೊಡ್ಡ ಲಾಭ ಗುದ್ದಿನದ್ದಲ್ಲ, ಮುಖಕ್ಕೆ ಏನೋ ಹಾರಿಬಂದಾಗ ಕಣ್ಣು ಮುಚ್ಚಿ ತಲೆ ತಿರುಗಿಸುವ ಸಹಜ ಚಾಳಿ ಬಿಟ್ಟುಹೋಗುವುದು. ಕೊರತೆ ಎರಡು. ಹಿಡಿದರೆ, ಕೆಡವಿದರೆ ಏನು ಮಾಡಬೇಕೆಂದು ಬಾಕ್ಸಿಂಗ್ ಹೇಳುವುದಿಲ್ಲ. ಇನ್ನೊಂದು ಕೈಗವಸಿನದು. ಸ್ಪಾರಿಂಗ್‌ಗೆ ಸಾಮಾನ್ಯವಾಗಿ ಬಳಸುವ 16 ಔನ್ಸ್, ಅಂದರೆ ಸುಮಾರು 450 ಗ್ರಾಂ ತೂಕದ ಗ್ಲೌಸು, ಅದರೊಳಗೆ ನಾಲ್ಕೂವರೆ ಮೀಟರ್ ಬಟ್ಟೆಯ ಸುತ್ತು ಸೇರಿ ಮಣಿಕಟ್ಟು, ಗೆಣ್ಣುಗಳನ್ನು ಕಾಯುತ್ತವೆ. ಬರಿಗೈಯಲ್ಲಿ ಹಣೆಯ ಗಟ್ಟಿ ಮೂಳೆಗೆ ಗುದ್ದಿದರೆ ಕಿರುಬೆರಳಿನ ಗೆಣ್ಣಿನ ಕೆಳಗಿನ ಅಂಗೈ ಮೂಳೆ ಮುರಿಯುತ್ತದೆ; ಇದು ಎಷ್ಟು ಸಾಮಾನ್ಯವೆಂದರೆ ವೈದ್ಯರು ಅದಕ್ಕೆ 'ಬಾಕ್ಸರ್ಸ್ ಫ್ರ್ಯಾಕ್ಚರ್' ಎಂದೇ ಹೆಸರಿಟ್ಟಿದ್ದಾರೆ. ತಲೆಗೆ ಹೊಡೆಯಲೇಬೇಕಾದರೆ ಬೆರಳು ಹಿಂದಕ್ಕೆ ಮಡಚಿ ಅಂಗೈಯ ಬುಡದಿಂದ ಹೊಡೆಯುವುದು ಕೈಗೆ ಸುರಕ್ಷಿತ. ದೊಡ್ಡ ಗ್ಲೌಸಿನ ಮರೆಯಲ್ಲಿ ಮುಖ ಅಡಗಿಸುವ ರೂಢಿಯೂ ಬರಿಗೈಯಲ್ಲಿ ನಡೆಯದು, ಸಂದಿಯಲ್ಲಿ ಗುದ್ದು ನುಸುಳುತ್ತದೆ.

ಥಾಯ್ಲೆಂಡಿನ ಮುವಾಯ್ ಥಾಯ್ ಇದಕ್ಕೆ ಮೊಣಕೈ, ಮೊಣಕಾಲು, ಒದೆ ಹಾಗೂ ಕ್ಲಿಂಚ್ ಸೇರಿಸುತ್ತದೆ. ಎದುರಾಳಿಯ ಕುತ್ತಿಗೆ ಹಿಡಿದು ತಲೆ ಬಗ್ಗಿಸಿ ಸಮತೋಲ ಕೆಡಿಸುವ ವಿದ್ಯೆ ಬಹಳ ಕೆಲಸಕ್ಕೆ ಬರುತ್ತದೆ, ಏಕೆಂದರೆ ಗುದ್ದಾಟ ಬೇಗನೇ ಹಿಡಿದಾಟಕ್ಕೆ ತಿರುಗುವುದು ಸಾಮಾನ್ಯ. ಒದೆಯ ವಿಷಯದಲ್ಲಿ ಒಂದು ಎಚ್ಚರ: ಕಾಲೆತ್ತಿದ ಹೊತ್ತಿನಲ್ಲಿ ನೀವು ಒಂಟಿಕಾಲ ಮೇಲಿರುತ್ತೀರಿ. ಒದ್ದೆ ನೆಲ, ಜಲ್ಲಿಕಲ್ಲು, ಬಿಗಿ ಪ್ಯಾಂಟು ಯಾವುದಿದ್ದರೂ ಸೊಂಟಕ್ಕಿಂತ ಮೇಲಿನ ಒದೆ ಜೂಜು. ತೊಡೆಯ ಹೊರಬದಿಗೆ ಕಣಕಾಲಿನ ಮುಂಭಾಗದ ಮೂಳೆಯಿಂದ ಹಾಕುವ ಒದೆ ಅಷ್ಟು ಅಪಾಯದ್ದಲ್ಲ.

ಕರಾಟೆ ಎಂಬ ಒಂದೇ ಫಲಕದ ಕೆಳಗೆ ಹತ್ತಾರು ಬಗೆ ಇವೆ. ಓಕಿನಾವಾ ದ್ವೀಪದಲ್ಲಿ ಬೆಳೆದ ಈ ಕಲೆಯ ಕೆಲವು ಶಾಖೆಗಳಲ್ಲಿ ತಾಗುವ ಮುನ್ನವೇ ಗುದ್ದು ನಿಲ್ಲಿಸಬೇಕು. ವೇಗ, ಅಂತರದ ಅಂದಾಜು ಚೆನ್ನಾಗಿ ಬರುತ್ತದೆ. ಆದರೆ ನಿಲ್ಲಿಸುವುದೇ ರೂಢಿಯಾಗುತ್ತದೆ. ಮಸುತತ್ಸು ಒಯಾಮಾ ಕಟ್ಟಿದ ಕ್ಯೊಕುಶಿನ್ ಶಾಖೆಯಲ್ಲಿ ಪೂರ್ತಿ ಬಲದ ಹೊಡೆತ ಇದೆ, ಮುಖಕ್ಕೆ ಕೈಯಿಂದ ಗುದ್ದುವಂತಿಲ್ಲ. ಅಲ್ಲಿ ಪಳಗಿದವರ ಎದೆ, ತೊಡೆ ಕಲ್ಲಿನಂತಾಗಿರುತ್ತವೆ, ಮುಖ ಮಾತ್ರ ತೆರೆದಿರುತ್ತದೆ. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಪದಕದ ಕ್ರೀಡೆಯಾದ ಟೇಕ್ವಾಂಡೋದಲ್ಲೂ ತಲೆಗೆ ಒದೆಯಬಹುದು, ಗುದ್ದುವಂತಿಲ್ಲ. ಆ ನಿಯಮದಲ್ಲೇ ಬೆಳೆದವರ ಕೈಗಳು ಸೊಂಟದ ಹತ್ತಿರ ತೂಗುತ್ತಿರುತ್ತವೆ. ಮುಖಕ್ಕೆ ಗುದ್ದು ಬಿಡುವ ಸ್ಪಾರಿಂಗನ್ನು ಜೊತೆಗೆ ಸೇರಿಸಿಕೊಂಡಿರುವ ಕರಾಟೆ ಶಾಲೆ ಸಿಕ್ಕರೆ ಈ ದೂರು ಅರ್ಧ ಕರಗುತ್ತದೆ.

ಜೂಡೋ ಹಿಡಿತ, ಎಸೆತಗಳ ಕಲೆ. 1964ರಲ್ಲಿ ಮೊದಲ ಸಲ ಒಲಿಂಪಿಕ್ಸ್‌ಗೆ ಬಂತು. ಬಟ್ಟೆ ಹಿಡಿದು ಎಸೆಯುವುದನ್ನೇ ಹೆಚ್ಚು ಕಲಿಸುವುದರಿಂದ ದಪ್ಪ ಅಂಗಿ, ಜಾಕೆಟ್ ತೊಟ್ಟವರ ಎದುರು ಪ್ರಬಲ. ಬರಿಮೈಯವರ ಎದುರು ಹಿಡಿತ ಜಾರುತ್ತದೆ. ಗಟ್ಟಿ ನೆಲಕ್ಕೆ ಮನುಷ್ಯನನ್ನು ಎತ್ತಿ ಹಾಕಿದರೆ ತಲೆ ಒಡೆದು ಪ್ರಾಣಕ್ಕೇ ಕುತ್ತಾಗಬಹುದು ಎಂಬುದನ್ನು ಜೂಡೋ ಕಲಿಯುವವರು ಮರೆಯಬಾರದು. ಇದರ ನಿಜವಾದ ನಿಧಿ ಉಕೆಮಿ, ಅಂದರೆ ಬೀಳುವ ವಿದ್ಯೆ. ಹಿಂದಕ್ಕೆ ಬೀಳುವಾಗ ಗದ್ದವನ್ನು ಎದೆಗೆ ಒತ್ತಬೇಕು, ಬೆನ್ನು ಮುಂದಕ್ಕೆ ಬಿಲ್ಲಿನಂತೆ ಬಾಗಿರಬೇಕು, ಮೊದಲು ಕುಂಡೆ, ಆಮೇಲೆ ಬೆನ್ನು ನೆಲ ಮುಟ್ಟಬೇಕು. ಅದೇ ಕ್ಷಣದಲ್ಲಿ ಎರಡೂ ಕೈಗಳನ್ನು ಮೈಯಿಂದ ಸುಮಾರು 45 ಡಿಗ್ರಿ ದೂರದಲ್ಲಿ ಅಂಗೈ ಕೆಳಗಾಗಿ ನೆಲಕ್ಕೆ ಬಡಿಯಬೇಕು, ಉಸಿರು ಹೊರಬಿಡಬೇಕು. ಹೊಸಬರು ಮಾಡುವ ತಪ್ಪು ಒಂದೇ: ಹಿಂದಕ್ಕೆ ಕೈಯೂರುವುದು. ಇಡೀ ಮೈಯ ಭಾರ ನೆಟ್ಟಗಿನ ತೋಳಿನ ಮೇಲೆ ಬಿದ್ದು ಮಣಿಕಟ್ಟು ಮುರಿಯುತ್ತದೆ ಅಥವಾ ಮೊಣಕೈ ಕೀಲು ತಪ್ಪುತ್ತದೆ. ಮೆಟ್ಟಿಲು, ಬಚ್ಚಲಲ್ಲಿ ಜಾರುವವರ ಎದುರು ಹಲ್ಲೆಗೆ ಸಿಕ್ಕುವವರು ಎಷ್ಟು ಮಂದಿ? ಕಲಿತ ಎಲ್ಲದರಲ್ಲಿ ಬಾಳಿನಲ್ಲಿ ಖಂಡಿತ ಒದಗುವುದು ಪ್ರಾಯಶಃ ಇದೊಂದೇ.

ಕುಸ್ತಿ ಕಲಿತವರನ್ನು ಕೆಡವುವುದು ಕಷ್ಟ, ಅದುಮಿ ಹಿಡಿಯುವುದು ಇನ್ನೂ ಕಷ್ಟ. ಯಾರು ನಿಂತಿರಬೇಕು, ಯಾರು ಬೀಳಬೇಕು ಎಂಬುದನ್ನು ತಾವೇ ನಿರ್ಧರಿಸುತ್ತಾರೆ. ದೊಡ್ಡವರಾದ ಮೇಲೆ ಹೊಸದಾಗಿ ಸೇರಲು ತಕ್ಕ ತರಗತಿ ಸಿಗುವುದೇ ತೊಡಕು. ಬೆನ್ನು ನೆಲಕ್ಕೆ ತಾಗಿದರೆ ಸೋಲು ಎಂಬ ನಿಯಮದಿಂದ ಬೋರಲು ತಿರುಗುವ ರೂಢಿ ಬರುತ್ತದೆ. ಹಲ್ಲೆಕೋರನಿಗೆ ಬೆನ್ನು ಕೊಟ್ಟಂತೆ ಅದು.

ಬ್ರೆಜಿಲಿಯನ್ ಜುಜುತ್ಸು ಜೂಡೋದ ನೆಲದ ಮೇಲಿನ ಭಾಗದಿಂದ ಬೆಳೆದದ್ದು. ಕಾನೊ ಅವರ ಶಾಲೆಯ ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲಿಗೆ ಹೋದರು; ಅವರಿಂದ ಕಲಿತ ಗ್ರೇಸಿ ಕುಟುಂಬ ಅದನ್ನು ಬೇರೆಯದೇ ಕಲೆಯಾಗಿ ಬೆಳೆಸಿತು. 1993ರ ನವೆಂಬರ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ, ಬೇರೆಬೇರೆ ಕಲೆಯವರನ್ನು ಎದುರುಬದುರು ನಿಲ್ಲಿಸಿದ ಮೊದಲ ಯುಎಫ್‌ಸಿ ಪಂದ್ಯಾವಳಿಯಲ್ಲಿ, ತೂಕದ ವರ್ಗಗಳೇ ಇಲ್ಲದಿದ್ದಾಗ, ಸುಮಾರು 80 ಕೆಜಿಯ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲೊಪ್ಪಿಸಿದ. ನೆಲಕ್ಕೆ ಬಿದ್ದ ಮೇಲೆ ಏನು ಮಾಡಬೇಕೆಂದು ತಿಳಿಯದವರ ಪಾಡು ಜಗತ್ತಿಗೆ ಕಂಡದ್ದು ಆಗ. ಮೈಮೇಲೆ ಭಾರವಾದವರು ಕೂತಾಗ ಹೊರಬರುವುದನ್ನು ಇಷ್ಟು ಕ್ರಮವಾಗಿ ಕಲಿಸುವ ಕಲೆ ಇನ್ನೊಂದಿಲ್ಲ. ಇದರಲ್ಲಿ 'ಟ್ಯಾಪ್' ಎಂಬ ಪದ್ಧತಿ ಇದೆ: ಸಾಕು ಎನಿಸಿದಾಗ ಎರಡು ಸಲ ತಟ್ಟಿದರೆ ಜೊತೆಗಾರ ಕೂಡಲೇ ಬಿಡುತ್ತಾನೆ. ಹೀಗಾಗಿ ಗಾಯವಿಲ್ಲದೆ ಪೂರ್ತಿ ಬಲದಲ್ಲಿ ಆಡಬಹುದು. ಆದರೆ ಕ್ರೀಡೆಯಾಗಿ ಮಾತ್ರ ಆಡುವ ಶಾಲೆಗಳಲ್ಲಿ ಬೇಕೆಂದೇ ಬೆನ್ನ ಮೇಲೆ ಮಲಗಿ ಆಟ ಶುರುಮಾಡುತ್ತಾರೆ. ಬೀದಿಯಲ್ಲಿ ಹಾಗೆ ಮಲಗಿದರೆ ಹಲ್ಲೆಕೋರನ ಗೆಳೆಯ ಬಂದು ತಲೆಗೆ ಒದೆಯುತ್ತಾನೆ. ಕತ್ತಿನ ಪಟ್ಟು ಕೂಡ ಆಟಿಕೆಯಲ್ಲ. ಕತ್ತಿನ ಎರಡೂ ಬದಿಯ ರಕ್ತನಾಳ ಸರಿಯಾಗಿ ಒತ್ತಿದರೆ ಸುಮಾರು ಹತ್ತು ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ, ಆಮೇಲೂ ಬಿಡದಿದ್ದರೆ ಸಾವು. ಗುರು ಇಲ್ಲದೆ ಮನೆಯಲ್ಲಿ ಮಾಡಿ ನೋಡುವ ವಿಷಯ ಇದಲ್ಲ.

ಕ್ರಾವ್ ಮಗಾದ ಬೇರು 1930ರ ದಶಕದ ಬ್ರಾಟಿಸ್ಲಾವಾದಲ್ಲಿದೆ. ಬಾಕ್ಸಿಂಗ್, ಕುಸ್ತಿ ಬಲ್ಲ ಇಮಿ ಲಿಚ್ಟೆನ್‌ಫೆಲ್ಡ್ ಯಹೂದಿಗಳ ಮೇಲಿನ ಹಲ್ಲೆ ಎದುರಿಸಲು ಕಟ್ಟಿದ್ದನ್ನು ಮುಂದೆ ಇಸ್ರೇಲಿ ಸೇನೆಗೆ ಕಲಿಸಿದರು. ಮುಂಚಿತ ಎಚ್ಚರ, ಒರಟಾದ ಸರಳ ಹೊಡೆತ, ತಪ್ಪಿಸಿಕೊಂಡು ಓಡುವುದು. ಉದ್ದೇಶದಲ್ಲಿ ಇದರಷ್ಟು ನೇರವಾದದ್ದು ಬೇರೆಯಿಲ್ಲ. ತೊಂದರೆ ಗುಣಮಟ್ಟದ್ದು. ಪಂದ್ಯವಿಲ್ಲದ ಕಲೆಯಲ್ಲಿ ಕಲಿಸುವವರ ಯೋಗ್ಯತೆ ಅಳೆಯುವ ತಕ್ಕಡಿ ಇಲ್ಲ. ಒಂದೇ ಹೆಸರಿನ ಎರಡು ತರಗತಿಗಳಲ್ಲಿ ಒಂದು ಬೆವರಿಳಿಸುತ್ತದೆ, ಇನ್ನೊಂದು ನಾಟಕ ಆಡಿಸುತ್ತದೆ. ಜಪಾನಿನ ಐಕಿಡೊ, ಚೀನಾದ ವಿಂಗ್ ಚುನ್‌ನಂಥ ಕಲೆಗಳಿಗೆ ತಮ್ಮದೇ ಸೊಗಸು, ಶಿಸ್ತು ಇವೆ. ಆದರೆ ಬಹಳಷ್ಟು ಶಾಲೆಗಳಲ್ಲಿ ಮುಕ್ತ ಸ್ಪಾರಿಂಗ್ ಇಲ್ಲದಿರುವುದರಿಂದ ಆತ್ಮರಕ್ಷಣೆಯೊಂದೇ ಗುರಿಯಾದವರಿಗೆ ದಾರಿ ಬಹಳ ಉದ್ದ.

ಒಂದೇ ಆರಿಸಬೇಕೆಂದರೆ? ಗುದ್ದು, ಕ್ಲಿಂಚ್, ನೆಲ ಮೂರನ್ನೂ ಕಲಿಸುವ ಎಂಎಂಎ (ಮಿಶ್ರ ಸಮರಕಲೆ) ಜಿಮ್ಮಿನ ಹೊಸಬರ ತರಗತಿ ಎಲ್ಲ ಅಂತರಗಳನ್ನೂ ಮುಟ್ಟುತ್ತದೆ. ಅದಿಲ್ಲದಿದ್ದರೆ ಬಾಕ್ಸಿಂಗ್ ಅಥವಾ ಮುವಾಯ್ ಥಾಯ್ ಒಂದು, ಜೂಡೋ, ಕುಸ್ತಿ, ಬ್ರೆಜಿಲಿಯನ್ ಜುಜುತ್ಸುವಿನಲ್ಲಿ ಇನ್ನೊಂದು. ಎರಡನ್ನೂ ಒಟ್ಟಿಗೆ ಶುರುಮಾಡಿದರೆ ಯಾವುದೂ ನೆಲೆಯೂರದು. ಒಂದನ್ನು ಆರು ತಿಂಗಳು ಮಾಡಿ ಆಮೇಲೆ ಎರಡನೆಯದಕ್ಕೆ ಕೈಹಾಕುವುದು ಲೇಸು.

## ನೆಲದಿಂದ ಏಳುವುದು, ಹತ್ತಿರದಿಂದ

ಯಾವ ಕಲೆಯೇ ಆಗಲಿ, ಇದೊಂದನ್ನು ಕಲಿಸುತ್ತದೆಯೇ ನೋಡಿ. ನೀವು ಬೆನ್ನ ಮೇಲೆ ಬಿದ್ದಿದ್ದೀರಿ, ಅವನು ನಿಂತಿದ್ದಾನೆ. ಸಹಜವಾಗಿ ಏಳಲು ಹೋದರೆ ಎರಡೂ ಕೈಯೂರಿ ತಲೆ ಮುಂದೆ ಬಗ್ಗಿಸುತ್ತೀರಿ, ಅಥವಾ ಬೋರಲಾಗಿ ಬೆನ್ನು ತೋರಿಸುತ್ತೀರಿ. ಎರಡೂ ಕಡೆ ಮುಖಕ್ಕೆ ಒದೆ ಕಾದಿದೆ. ಸರಿಯಾದ ಕ್ರಮ ಬೇರೆ. ಸ್ವಲ್ಪ ಪಕ್ಕಕ್ಕೆ ವಾಲಿ ಎದ್ದು ಕೂತು ಬಲ ಅಂಗೈಯನ್ನು ಹಿಂದೆ ನೆಲಕ್ಕೆ ಊರಿ. ಎಡ ಪಾದ ನೆಲದ ಮೇಲೆ ಗಟ್ಟಿಯಾಗಿರಲಿ. ಎಡಗೈ ಮುಖದ ಮುಂದೆ. ಈಗ ಬಲಗೈ, ಎಡಪಾದ ಎರಡರ ಮೇಲೆ ಭಾರ ಹಾಕಿ ಸೊಂಟ ಎತ್ತಿ. ಅಡಿಯಲ್ಲಿ ಆದ ಜಾಗದಲ್ಲಿ ಬಲಗಾಲನ್ನು ಹಿಂದಕ್ಕೆ ಸೆಳೆದುಕೊಂಡು, ಕೈಗಿಂತ ಹಿಂದೆ ಪಾದ ಊರಿದ ಮೇಲೆಯೇ ಕೈ ಎತ್ತಿ ನಿಲ್ಲಿ. ಉದ್ದಕ್ಕೂ ಕಣ್ಣು ಅವನ ಮೇಲೆ. ಕಾಲು ಸಿಕ್ಕಿಕೊಳ್ಳುತ್ತಿದ್ದರೆ ಸೊಂಟ ಸಾಕಷ್ಟು ಎತ್ತಿಲ್ಲವೆಂದು ಅರ್ಥ. ಅವನು ತೀರಾ ಹತ್ತಿರ ಇದ್ದರೆ ಸೊಂಟ ಎತ್ತಿದ ಸ್ಥಿತಿಯಲ್ಲೇ ಆ ಬಲಗಾಲಿನಿಂದ ಅವನ ಮೊಣಕಾಲಿಗೆ ದೂಡಿ, ಸಿಕ್ಕ ದೂರದಲ್ಲಿ ಏಳಬೇಕು. ದಿನಕ್ಕೆ ಬದಿಗೆ ಹತ್ತರಂತೆ ಮಾಡಿದರೆ ಒಂದು ತಿಂಗಳಲ್ಲಿ ಯೋಚಿಸದೆ ಬರುತ್ತದೆ.

## ತರಗತಿಯನ್ನು ಅಳೆಯುವುದು ಹೇಗೆ

ದುಡ್ಡು ಕಟ್ಟುವ ಮೊದಲು ಒಂದು ತರಗತಿಯನ್ನು ಪಕ್ಕದಲ್ಲಿ ಕೂತು ನೋಡಿ. ನೋಡಲು ಬಿಡುವುದಿಲ್ಲ ಎಂದರೆ ಅಲ್ಲಿಗೆ ಮುಗಿಯಿತು. ಗಡಿಯಾರ ಹಿಡಿದು ಎಣಿಸಬೇಕಾದದ್ದು ಒಂದೇ: ಎದುರೊತ್ತಡದ ನಿಮಿಷಗಳು. ಒಂದು ಗಂಟೆಯ ತರಗತಿಯಲ್ಲಿ 15 ನಿಮಿಷ ಅಂಥ ಅಭ್ಯಾಸ ಇದ್ದು, ವಾರಕ್ಕೆ ಮೂರು ದಿನ ಹೋದರೆ ಆರು ತಿಂಗಳಲ್ಲಿ ಸುಮಾರು 19 ಗಂಟೆ ಆಗುತ್ತದೆ. ಇದು ಸೊನ್ನೆಯಾಗಿದ್ದರೆ ಹತ್ತು ವರ್ಷ ಹೋದರೂ ಸೊನ್ನೆಯೇ.

ಹೊಸಬರನ್ನು ಮೊದಲ ವಾರವೇ ಹಳಬರ ಎದುರು ಬಿಟ್ಟು ಹೊಡೆಸುವ ಕಡೆಯೂ ಬೇಡ. ಒಳ್ಳೆಯ ತರಬೇತುದಾರರು ಒತ್ತಡವನ್ನು ಏರಿಸುತ್ತ ಹೋಗುತ್ತಾರೆ: ಮೊದಲು ಒಬ್ಬರು ಎಡಗೈ ಗುದ್ದು ಮಾತ್ರ ಹಾಕುವುದು, ಇನ್ನೊಬ್ಬರು ತಡೆಯುವುದು, ಆಮೇಲೆ ಇಬ್ಬರೂ ಎಡಗೈ, ಆಮೇಲೆ ಎಲ್ಲ, ಆದರೆ ಮೂರನೇ ಒಂದು ಪಾಲು ಬಲದಲ್ಲಿ. ತಲೆಗೆ ಜೋರು ಪೆಟ್ಟು ಬೀಳುವ ಸ್ಪಾರಿಂಗ್ ವಾರವಾರವೂ ನಡೆಯುತ್ತಿದ್ದರೆ, ನೀವು ತಡೆಯಲು ಹೊರಟ ಗಾಯವನ್ನೇ ದುಡ್ಡು ಕೊಟ್ಟು ಕೊಂಡಂತೆ. ತಲೆಗವಸು ಚರ್ಮ ಸೀಳುವುದನ್ನು ತಪ್ಪಿಸುತ್ತದೆ, ತಲೆಬುರುಡೆಯೊಳಗೆ ಮೆದುಳು ಅಲುಗುವುದನ್ನು ತಪ್ಪಿಸದು. ಪೆಟ್ಟು ಬಿದ್ದ ಮೇಲೆ ತಲೆಸುತ್ತು, ವಾಕರಿಕೆ, ಮಂಪರು ಕಂಡರೆ ಆ ದಿನದ ಅಭ್ಯಾಸ ಅಲ್ಲಿಗೇ ನಿಲ್ಲಬೇಕು, ವೈದ್ಯರಿಗೆ ತೋರಿಸಿದ ಮೇಲೆಯೇ ಮುಂದಿನದು. ಇದನ್ನು ನಕ್ಕು ತಳ್ಳಿಹಾಕುವ ತರಬೇತುದಾರರಿಂದ ದೂರ ಇರಿ.

ಸಾಮಾನಿನಲ್ಲಿ ಮೊದಲು ಕೊಳ್ಳಬೇಕಾದದ್ದು ಹಲ್ಲುಗವಸು. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕಚ್ಚಿ ಆಕಾರ ಕೊಡುವಂಥದ್ದು ಸಾಕು. ನೆಲದ ಮೇಲೆ ಹೊರಳಾಡುವ ಕಲೆಗಳಲ್ಲಿ ಉಗುರು ಕತ್ತರಿಸಿರಬೇಕು, ಬಟ್ಟೆ ಪ್ರತಿ ಸಲ ಒಗೆದಿರಬೇಕು. ಮ್ಯಾಟ್ ದಿನವೂ ಒರೆಸದ ಕಡೆ ಹುಳುಕಡ್ಡಿ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಬೆಲ್ಟಿನ ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ. ಮೂರು ತಿಂಗಳಿಗೊಂದು ಬೆಲ್ಟ್, ಪ್ರತಿಯೊಂದಕ್ಕೂ ಶುಲ್ಕ ಎನ್ನುವ ಶಾಲೆ ಬೆಲ್ಟು ಮಾರುತ್ತಿದೆ.

## ಮೈಬಲ ಕಡಿಮೆ ಇರುವವರಿಗೆ

ತೂಕ, ಬಲ ಲೆಕ್ಕಕ್ಕೇ ಇಲ್ಲ ಎನ್ನುವುದು ಜಾಹೀರಾತಿನ ಮಾತು. ಇಬ್ಬರಿಗೂ ವಿದ್ಯೆ ಸಮನಾಗಿದ್ದರೆ ಭಾರದವರೇ ಗೆಲ್ಲುತ್ತಾರೆ, ತೂಕದ ವರ್ಗಗಳು ಇರುವುದೇ ಅದಕ್ಕೆ. ಹಗುರ ಮೈಯವರಿಗೆ ಗುದ್ದಿನ ಬದಲಿಗೆ ಬಿಡಿಸಿಕೊಳ್ಳುವುದು, ಏಳುವುದು, ಕೂಗುವುದು, ಓಡುವುದು ಹೆಚ್ಚು ಫಲ ಕೊಡುತ್ತವೆ. ಮೊಣಕಾಲು, ಬೆನ್ನು ನೋಯುವ ನಡುವಯಸ್ಸಿನವರು ಎಸೆತದ ತರಗತಿಗಿಂತ ಬಾಕ್ಸಿಂಗ್ ಪ್ಯಾಡ್ ಅಭ್ಯಾಸ, ನಿಧಾನದ ನೆಲದ ಅಭ್ಯಾಸದಿಂದ ಶುರುಮಾಡುವುದು ಒಳ್ಳೆಯದು.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಗಟ್ಟಿ ಪುರಾವೆ ಇದೆ. ಕೆನಡಾದ ಮೂರು ವಿಶ್ವವಿದ್ಯಾಲಯಗಳ ಸುಮಾರು 900 ವಿದ್ಯಾರ್ಥಿನಿಯರ ಮೇಲೆ ನಡೆದು 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಪ್ರಯೋಗ ಅದು. ಒಂದು ಗುಂಪಿಗೆ ಮೂರು ಗಂಟೆಗಳ ನಾಲ್ಕು ಪಾಠ, ಒಟ್ಟು 12 ಗಂಟೆ. ಇನ್ನೊಂದಕ್ಕೆ ಕರಪತ್ರ ಮಾತ್ರ. ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾಗುವ ಅಪಾಯ ಎರಡನೇ ಗುಂಪಿನಲ್ಲಿ ಶೇ 9.8 ಇದ್ದರೆ ಪಾಠ ಕಲಿತವರಲ್ಲಿ ಶೇ 5.2. ಹನ್ನೆರಡು ಗಂಟೆಯಲ್ಲಿ ಯಾರೂ ಹೋರಾಟಗಾರರಾಗುವುದಿಲ್ಲ. ಪಾಠದ ದೊಡ್ಡ ಭಾಗ ಪರಿಚಿತರ ನಡವಳಿಕೆಯಲ್ಲಿ ಅಪಾಯದ ಗುರುತು ಹಿಡಿಯುವುದು, "ಬೇಜಾರು ಮಾಡಿಕೊಳ್ಳುತ್ತಾರೇನೋ" ಎಂಬ ಸಂಕೋಚ ಮೀರುವುದರ ಬಗ್ಗೆ ಇತ್ತು, ಜೊತೆಗೆ ಮಾತಿನಿಂದಲೂ ಮೈಯಿಂದಲೂ ಎದುರಿಸುವ ಅಭ್ಯಾಸ. ಸಮರಕಲೆಯ ಶಾಲೆಗಳಲ್ಲಿ ಈ ಭಾಗ ಸಾಮಾನ್ಯವಾಗಿ ಇರುವುದೇ ಇಲ್ಲ. ಇಂಥ ಪಾಠ ಎಲ್ಲಾದರೂ ಸಿಕ್ಕರೆ ಮೊದಲು ಅದನ್ನೇ ಮುಗಿಸಿ.

ಮಾತಿನ ಹಂತದಲ್ಲೇ ಮೈ ಹೇಗಿರಬೇಕು ಎಂಬುದೂ ಅಭ್ಯಾಸದ ವಿಷಯ. ಸಮಾಧಾನ ಹೇಳುವವರಂತೆ ಎರಡೂ ಅಂಗೈ ತೆರೆದು ಎದೆಮಟ್ಟದಲ್ಲಿ ಮುಂದೆ ಹಿಡಿಯಿರಿ, ಒಂದು ಕಾಲು ತುಸು ಹಿಂದೆ. ನೋಡುವವರಿಗೆ ಜಗಳ ಬೇಡವೆಂದಂತೆ ಕಾಣುತ್ತದೆ. ಕೈಗಳು ಮಾತ್ರ ಆಗಲೇ ಮುಖದ ಹತ್ತಿರ ಇವೆ. ಅವನು ಆ ಕೈಗಳಿಗೆ ತಾಗುವಷ್ಟು ಮುಂದೆ ಬಂದರೆ ಅಂತರ ಮುಗಿಯಿತೆಂದು ಲೆಕ್ಕ. ಬಿಗಿದ ಮುಷ್ಟಿ ಎತ್ತಿದರೆ ಇದೇ ನಿಲುವು ಪಂಥಾಹ್ವಾನ ಆಗಿಬಿಡುತ್ತದೆ.

## ಚಾಕು ಬಂದರೆ, ಹಲವರು ಬಂದರೆ

ಒಂದು ಪ್ರಯೋಗ ಮಾಡಬಹುದು. ಹಳೆಯ ಬಿಳಿ ಅಂಗಿ ತೊಡಿ, ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿ, ಜೊತೆಗಾರನ ಕೈಗೆ ದಪ್ಪ ಮಾರ್ಕರ್ ಪೆನ್ನು ಕೊಡಿ. ಒಂದು ಕೈಯಲ್ಲಿ ನಿಮ್ಮ ಅಂಗಿ ಹಿಡಿದು ಇನ್ನೊಂದರಲ್ಲಿ ಚುಚ್ಚಿ ಎಳೆ, ಚುಚ್ಚಿ ಎಳೆ ಎಂದು ಹತ್ತು ಸೆಕೆಂಡು ಬಿಡಿ. ಆಮೇಲೆ ಗುರುತುಗಳನ್ನು ಎಣಿಸಿ. ಚಾಕುವಿನ ತೋಳನ್ನು ಗಾಳಿಯಲ್ಲೇ ಹಿಡಿದು ತಿರುಚುವ ಪ್ರದರ್ಶನಗಳಲ್ಲಿ ಹಲ್ಲೆಕೋರ ಒಂದೇ ಸಲ ಕೈ ಚಾಚಿ ಹಾಗೇ ನಿಲ್ಲುತ್ತಾನೆ, ನಿಜದವನು ನಿಲ್ಲುವುದಿಲ್ಲ. ಅದಕ್ಕೇ ಚಾಕುವಿಗೆ ಮೊದಲ ಉತ್ತರ ಓಟ. ಎರಡನೆಯದು ನಡುವೆ ಏನಾದರೂ ತರುವುದು: ಮೇಜು, ಕುರ್ಚಿ, ಬ್ಯಾಗು, ನಿಂತ ಕಾರು. ಬರಿಗೈಯಲ್ಲಿ ತಡೆಯುವುದು ಬೇರೆ ದಾರಿಯೇ ಇಲ್ಲದಾಗಿನ ಮಾತು. ಹಲವರು ಇದ್ದಾಗಲೂ ಅಷ್ಟೇ. ಯಾರನ್ನೂ ಅಪ್ಪಿ ಹಿಡಿಯಬೇಡಿ, ನೆಲಕ್ಕೆ ಹೋಗಬೇಡಿ, ಎಲ್ಲರೂ ಒಂದೇ ಸಾಲಿನಲ್ಲಿ ಬರುವಂತೆ ಪಕ್ಕಕ್ಕೆ ಸರಿಯುತ್ತ ಹೊರದಾರಿ ಹಿಡಿಯಿರಿ.

## ಎಲ್ಲಿ ನಿಲ್ಲಿಸಬೇಕು

ಆತ್ಮರಕ್ಷಣೆಯ ಹಕ್ಕನ್ನು ಬಹುತೇಕ ದೇಶಗಳ ಕಾನೂನು ಒಪ್ಪುತ್ತದೆ, ಆದರೆ ಅಳತೆಗೋಲು ಹಿಡಿದು. ಬಳಸಿದ ಬಲ ಎದುರಿದ್ದ ಅಪಾಯಕ್ಕೆ ತಕ್ಕಷ್ಟು ಇರಬೇಕು. ತಳ್ಳಿದವನಿಗೆ ರಾಡಿನಿಂದ ಹೊಡೆದರೆ ಅದು ರಕ್ಷಣೆ ಅನ್ನಿಸಿಕೊಳ್ಳದು. ಅವನು ಹಿಂದೆ ಸರಿದ, ಬಿದ್ದ, ಓಡಿದ ಎಂದ ಮೇಲೆ ಬೀಳುವ ಹೊಡೆತ ಹಲ್ಲೆಯಾಗಿ ಲೆಕ್ಕವಾಗುತ್ತದೆ. ವಿವರ ದೇಶದಿಂದ ದೇಶಕ್ಕೆ ಬೇರೆ. ನಿಮ್ಮಲ್ಲಿನದನ್ನು ಒಮ್ಮೆ ಓದಿಕೊಳ್ಳಿ. ಇದಕ್ಕೆ ಕಾನೂನಿನ ಆಚೆಗೂ ಒಂದು ಕಾರಣ ಇದೆ. ಒಂದೇ ಗುದ್ದಿಗೆ ಎಚ್ಚರ ತಪ್ಪಿದವನು ಕೈಯೂರದೆ ನೇರ ಹಿಂದಕ್ಕೆ ಬೀಳುತ್ತಾನೆ, ತಲೆಯ ಹಿಂಭಾಗ ಕಾಂಕ್ರೀಟಿಗೆ ಬಡಿಯುತ್ತದೆ. ಒಂದೇ ಹೊಡೆತದ ಸಾವುಗಳಲ್ಲಿ ಗುದ್ದಿಗಿಂತ ನೆಲ ಕೊಂದದ್ದೇ ಹೆಚ್ಚು. ಹಿಡಿತ, ಬಿಡುಗಡೆಗಳನ್ನೂ ಕಲಿತವರಿಗೆ ಗುದ್ದಿಗಿಂತ ಕೆಳಗಿನ ಮೆಟ್ಟಿಲುಗಳು ಇರುತ್ತವೆ.

## ಆರು ತಿಂಗಳಾದ ಮೇಲೆ

ವಾರಕ್ಕೆ ಎರಡು ಮೂರು ದಿನದಂತೆ ಆರು ತಿಂಗಳು ಕಳೆದ ಮೇಲೆ ಒಂದು ತರಗತಿಯನ್ನು ದಿನನಿತ್ಯದ ಉಡುಪಿನಲ್ಲಿ ಮಾಡಲು ಕೇಳಿ: ಪ್ಯಾಂಟು ಅಥವಾ ಸೀರೆ, ಚಪ್ಪಲಿ, ಹೆಗಲಿಗೆ ಬ್ಯಾಗು. ಮೆತ್ತನೆ ಬಲದಲ್ಲೇ ಸಾಕು. ಚಪ್ಪಲಿ ಮೊದಲ ಹೆಜ್ಜೆಗೇ ಕಳಚುತ್ತದೆ, ಅದನ್ನು ಬಿಟ್ಟು ಓಡಬೇಕೆಂದು ಆಗ ಹೊಳೆಯುತ್ತದೆ. ಅಡ್ಡ ಹಾಕಿದ ಬ್ಯಾಗಿನ ಪಟ್ಟಿ ಎದುರಿನವನಿಗೆ ಹಿಡಿಯಾಗುತ್ತದೆ, ದುಪಟ್ಟಾ ಕತ್ತಿನ ಪಟ್ಟಾಗುತ್ತದೆ. ಕನ್ನಡಕ ಬೀಳುತ್ತದೆ. ನೆಲದಿಂದ ಏಳುವಾಗ ಹಿಂದಕ್ಕೆ ಸೆಳೆಯಬೇಕಾದ ಕಾಲು ಸೆರಗಿಗೆ ಸಿಕ್ಕುತ್ತದೆ. ಯಾವ ಪಟ್ಟು ಉಳಿಯಿತು, ಯಾವುದು ಉದುರಿತು ಎಂದು ಅಂದೇ ಬರೆದಿಟ್ಟುಕೊಂಡು, ಮುಂದಿನ ವಾರ ತರಬೇತುದಾರರ ಮುಂದೆ ಆ ಪಟ್ಟಿ ಇಡಿ.